ಒಂದು ಮೊರ ತೌಡು

ಎತ್ತರ ಐದಡಿ ಏಳು ಅಂಗುಲ. ಬಣ್ಣ ಎರೆಮಣ್ಣಿನದು. ಹಲ್ಲು ಪೂರ್ತಿ, ಒಂದೂ ಹುಳುಕಿಲ್ಲ. ಎಡ ಮೊಣಕಾಲು ಮೆಟ್ಟಿಲು ಹತ್ತುವಾಗ ಸ್ವಲ್ಪ ಸದ್ದು ಮಾಡುತ್ತದೆ. ಬಲ ಮೂಗಿನ ಹೊಳ್ಳೆಯಲ್ಲಿ ಒಂದು ತೂತು. ಅದನ್ನು ಮಾಲಿನ ದೋಷವೆಂದು ತಿಳಿಯಬಾರದು, ಗುರುತು. ಮಾತು ಕಡಿಮೆ, ನಗೆ ಅದಕ್ಕಿಂತ ಒಂದು ಪಾವು ಹೆಚ್ಚು. ಇಪ್ಪತ್ತು ವರ್ಷ ಮಿಲ್ಟ್ರಿಯವರು ಬಿಸಿಲು ಹಿಮ ಎನ್ನದೆ ಬಳಸಿದ್ದರೂ ಎಲ್ಲೂ ಬಾಗಿಲ್ಲ. ಕೊಂಡವರಿಗೆ ಮೋಸವಿಲ್ಲದ ಮಾಲು.

ಸಿರುಗುಪ್ಪದಲ್ಲಿ ತೌಡಿನ ವ್ಯಾಪಾರ ಮಾಡಿ ಮೇಲೆ ಬಂದ ಪೀರಸಾಬ್, ಹವಾಲ್ದಾರ್ ತಿಪ್ಪಣ್ಣನನ್ನು ಹೀಗೆ ಅಳೆದದ್ದು ಎರಡು ಸಾವಿರದ ಐದರ ಬೇಸಿಗೆಯಲ್ಲಿ, ಬಳ್ಳಾರಿ ರೈಲು ನಿಲ್ದಾಣದ ಹೊರಗೆ. ತಿಪ್ಪಣ್ಣ ಗುಂತಕಲ್ಲಿನಲ್ಲಿ ರೈಲು ಬದಲಿಸಿ, ಹೆಗಲಿಗೆ ಹಸಿರು ಚೀಲ ಹಾಕಿಕೊಂಡು ಆಟೋಗಳ ನಡುವೆ ನಡೆದು ಬರುತ್ತಿದ್ದ. ಎದುರಿಗೆ ಬಂದದ್ದು ಹೋರಿಯಿರಲಿ, ಬೀಗರಿರಲಿ, ಅಳೆದು ನೋಡುವುದು ಪೀರಸಾಬನ ಹಳೆಯ ಚಟ. ಆ ದಿನ ಮಾತ್ರ ಅವನು ಅಳೆದದ್ದು ಮುಖ ನೋಡುವ ಧೈರ್ಯವಿಲ್ಲದೆ. ಅವನ ತಾಯಿ ಲಾಲಬೀಯನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಅಷ್ಟನ್ನು ತಂತಿ ಕೊಟ್ಟು ತಿಳಿಸಿದ್ದ. ತಿಳಿಸದ ಸುದ್ದಿ ಇನ್ನೊಂದಿತ್ತು.

ಅದನ್ನು ಹೇಳಬೇಕಾದರೆ ಈ ಮಾಲಿನ ಮೂಲ ಬೆಲೆಯಿಂದ ಶುರು ಮಾಡಬೇಕು. ಬೆಲೆ, ಒಂದು ಮೊರ ತೌಡು.

ಸಿರಿಗೇರಿಯಲ್ಲಿ ಗಾದಿ ಹೊಲಿಯುವ ಲಾಲಬೀಯ ಮನೆಯ ಪಕ್ಕದಲ್ಲಿ ಹೊನ್ನೂರಮ್ಮ ಎಂಬ ಕೂಲಿಯ ಹೆಂಗಸಿದ್ದಳು. ಗಂಡ ಸತ್ತಿದ್ದ, ಅವನಿಗಿಂತ ಮುಂಚೆ ಮೂರು ಮಕ್ಕಳು ಸತ್ತಿದ್ದವು. ನಾಲ್ಕನೆಯದು ಗಂಡು ಹುಟ್ಟಿದಾಗ ಅವಳು ಆ ಕಡೆಯ ಹೆಂಗಸರು ಮಾಡುತ್ತಿದ್ದುದನ್ನೇ ಮಾಡಿದಳು. ಮಗುವನ್ನು ಹಳೆ ಸೀರೆಯಲ್ಲಿ ಸುತ್ತಿ ತಿಪ್ಪೆಯ ಮೇಲಿಟ್ಟು ಹಿಂದಿರುಗಿ ನೋಡದೆ ಬಂದಳು. ಲಾಲಬೀ ದಾರಿಯಲ್ಲಿ ಸಿಕ್ಕಿದ್ದೆಂಬಂತೆ ಅದನ್ನು ಎತ್ತಿ ಮೊರದಲ್ಲಿ ಹಾಕಿಕೊಂಡಳು. ಆಮೇಲೆ ಅದೇ ಮೊರದ ತುಂಬ ತೌಡು ತಂದು ಹೊನ್ನೂರಮ್ಮನ ಬಾಗಿಲಲ್ಲಿ ಸುರಿದು, "ಕೊಂಡೀನಿ" ಎಂದು ಮೂರು ಸಲ ಹೇಳಿದಳು. ಮಗುವಿಗೆ ಮೂಗು ಚುಚ್ಚಿಸಿ, ತಿಪ್ಪಣ್ಣ ಎಂದು ಹೆಸರಿಟ್ಟರು. ಮೂರು ಸಲ ಆ ಮನೆಗೆ ಬಂದು ಹೋದ ಸಾವು ನಾಲ್ಕನೆಯ ಸಲ ಬಂದರೆ, ಇದು ಈ ಮನೆಯದಲ್ಲ, ಮಾರಿ ಆಗಿದೆ ಎಂದು ಹೇಳಿ ಕಳಿಸುವುದಕ್ಕೆ ಈ ಏರ್ಪಾಡು. ಮಗುವಿಗೆ ಐದು ತುಂಬಿದ ಮೇಲೆ ಹೆತ್ತವರ ಮನೆಯವರು ಅದೇ ಮೊರದ ತುಂಬ ಜೋಳ ಕೊಟ್ಟು ಬಿಡಿಸಿಕೊಳ್ಳಬೇಕು. ಅಲ್ಲಿಗೆ ವ್ಯವಹಾರ ಮುಗಿಯಿತು.

ಮುಗಿಯಲಿಲ್ಲ. ಸಾವು ಮಗುವನ್ನು ಬಿಟ್ಟು ತಾಯಿಯನ್ನು ಹಿಡಿಯಿತು. ತಿಪ್ಪಣ್ಣನಿಗೆ ಮೂರು ವರ್ಷವಿದ್ದಾಗ ಹೊನ್ನೂರಮ್ಮ ಹೊಲದಲ್ಲಿ ಹಾವು ಕಚ್ಚಿ ಸತ್ತಳು.

ಬಿಡಿಸಿಕೊಳ್ಳುವ ಹಕ್ಕು ಈಗ ಅವಳ ಅಣ್ಣ, ಕುರುಗೋಡಿನ ಉಚ್ಚೆಂಗೆಪ್ಪನದು. ಹುಡುಗನಿಗೆ ಐದು ತುಂಬಿದಾಗ ಅವನು ಬಂಡಿಯಲ್ಲಿ ಜೋಳ ಹಾಕಿಕೊಂಡು ಬಂದ. ಲಾಲಬೀ ಬೆಳಿಗ್ಗೆಯೇ ಹುಡುಗನಿಗೆ ಸೀಗೆಕಾಯಿ ಹಾಕಿ ತಲೆಯೆರೆದು, ತನ್ನ ಮಗ ಪೀರಸಾಬನ ಅಂಗಿ ತೊಡಿಸಿ ಕಟ್ಟೆಯ ಮೇಲೆ ಕೂರಿಸಿದ್ದಳು. ಆಗ ಹುಡುಗನಿಗೆ ಮೈತುಂಬ ಕಜ್ಜಿ, ಹೊಟ್ಟೆ ಮುಂದಕ್ಕೆ. ಉಚ್ಚೆಂಗೆಪ್ಪ ಅತ್ತಿಂದಿತ್ತ ತಿರುಗಿಸಿ ನೋಡಿದ. ಒಂದು ತಂಬಿಗೆ ನೀರು ಕುಡಿದ.

"ಸುಗ್ಗಿ ಆಗ್ಲಿ ಬಿಡಬೇ ಲಾಲಬೀ. ಆಗ ಬರ್ತೀನಿ" ಎಂದು ಜೋಳದ ಸಮೇತ ಬಂಡಿ ತಿರುಗಿಸಿಕೊಂಡು ಹೋದ.

ಲಾಲಬೀ ಬಾಗಿಲು ಮುಂದೆ ಮಾಡಿ ಇಬ್ಬರು ಹುಡುಗರ ಕೈಗೂ ಒಂದೊಂದು ಬೆಲ್ಲದ ಹೆಂಟೆ ಇಟ್ಟಳು. ತಿಪ್ಪಣ್ಣನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, "ಕಾಳು ನನ್ನ ಮೊರಕ್ಕ ಬೀಳೋತನಕ ನೀ ನನ್ನ ಮಗ, ತಿಳೀತೇನಲೇ?" ಎಂದಳು. ಒಂಬತ್ತು ವರ್ಷದ ಪೀರಸಾಬನಿಗೆ ಬೆಲ್ಲದ ಮೇಲೇ ಗಮನವಿತ್ತು. ಐದು ವರ್ಷದವನು ಬೆಲ್ಲ ಕೈಯಲ್ಲೇ ಕರಗಿ ಸೋರುವವರೆಗೆ ಆ ಮಾತು ಕೇಳಿದ.

ಅಣ್ಣನಾದವನು ತಮ್ಮನನ್ನು ಕಾಡಬೇಕಲ್ಲ. ಗೋಲಿಯಲ್ಲಿ ಸೋತಾಗ, ರೊಟ್ಟಿ ಹಂಚುವಾಗ, ಪೀರಸಾಬನ ಬಾಯಲ್ಲಿ ಒಂದೇ ಬಾಣವಿರುತ್ತಿತ್ತು.

"ಲೇ ತಿಪ್ಪ್ಯಾ, ಒಂದ್ ಮೊರ ತೌಡಿನ ಮಾಲು ನೀನು. ಎಮ್ಮಿಗೆ ಹಾಕಿದ್ರ ಎರಡು ದಿನ ಹಾಲರ ಕೊಡ್ತಿತ್ತು."

"ಹಾಲು ಮುಗೀತಿತ್ತಲ್ಲಣ್ಣ. ನಾ ಇನ್ನೂ ಅದೀನಿ."

ಬಳ್ಳಾರಿಯ ಮೈದಾನದಲ್ಲಿ ಮಿಲ್ಟ್ರಿಗೆ ಆಳು ತೆಗೆದುಕೊಳ್ಳುತ್ತಾರೆಂದು ಸುದ್ದಿ ಬಂದಾಗ ತಿಪ್ಪಣ್ಣನಿಗೆ ಹತ್ತೊಂಬತ್ತು. ಅವನನ್ನು ಕರೆದುಕೊಂಡು ಹೋದವನು ಪೀರಸಾಬನೇ. ತಿಪ್ಪಣ್ಣ ಓಡಿದ, ಹಗ್ಗ ಹತ್ತಿದ, ಎದೆ ಉಬ್ಬಿಸಿದ. ಮೂಗಿನ ತೂತು ನೋಡಿ ಡಾಕ್ಟರು ನಕ್ಕರು. ಹೆಸರು ಬರೆದುಕೊಳ್ಳುವ ಗುಮಾಸ್ತ ಮಾತ್ರ ಪೆನ್ನು ಎತ್ತಿಬಿಟ್ಟ.

"ಹೆಸರು ತಿಪ್ಪಣ್ಣ. ತಾಯಿ ಲಾಲಬೀ. ಇದೆಂಗಪ್ಪ?"

"ಹಂಗ ಬರ್ಕೊಳ್ರಿ ಸಾಹೇಬ್ರ. ಆಕಿ ನನ್ನ ಕೊಂಡಾಕಿ."

"ಹೆತ್ತಾಕಿ ಹೆಸರು ಹೇಳಯ್ಯ."

"ಮಾರಿದಾಕಿ ಹೆಸರು ರಸೀದಿಗೆ ಬೇಕೇನ್ರಿ?"

ಗುಮಾಸ್ತ ಪೀರಸಾಬನ ಕಡೆ ನೋಡಿದ. ಪೀರಸಾಬ್ ಹೌದೆಂದು ತಲೆಯಾಡಿಸಿದ. ವ್ಯಾಪಾರಿಯ ಮನೆಯ ಅನ್ನ ತಿಂದವನಿಗೆ ಇಷ್ಟಾದರೂ ಮಾತು ಬರುತ್ತದಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಲಾಲಬೀಯ ಹೆಸರು ಸರಕಾರದ ಪುಸ್ತಕಕ್ಕೆ ಹೋಯಿತು.

ಆಮೇಲಿನ ಇಪ್ಪತ್ತು ವರ್ಷಗಳನ್ನು ರಜೆಗಳಲ್ಲಿ ಅಳೆಯಬಹುದು. ವರ್ಷಕ್ಕೊಮ್ಮೆ ತಿಪ್ಪಣ್ಣ ಬರುತ್ತಿದ್ದ. ಬಂದ ದಿನವೇ ಅಂಗಿ ಕಳಚಿ ಸೂರಿನ ಹೆಂಚು ಸರಿ ಮಾಡುತ್ತಿದ್ದ, ಲಾಲಬೀಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಅವಳ ಜೊತೆ ಕೂತು ದಬ್ಬಣ ಹಿಡಿದು ಗಾದಿ ಹೊಲಿಯುತ್ತಿದ್ದ. ಹವಾಲ್ದಾರನ ಮೂರು ಪಟ್ಟಿ ಬಂದ ಮೇಲೂ ಹೊಲಿದ. ಮದುವೆಯ ಮಾತು ಎತ್ತಿದವರಿಗೆ, "ಯಾರ ಮನಿಯಾಂವ ಅಂತ ಹೇಳಿ ಹೆಣ್ಣು ಕೇಳ್ತೀರಿ?" ಎಂದು ನಗುತ್ತಿದ್ದ. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಚೀಲದಲ್ಲಿ ಏನೇನೋ ಇರುತ್ತಿದ್ದವು. ಕಾಶ್ಮೀರದ ಸೇಬು, ಅಕ್ರೋಟು, ಲಾಲಬೀಗೆ ಉಣ್ಣೆಯ ಶಾಲು, ಪೀರಸಾಬನಿಗೆ ಮಿಲ್ಟ್ರಿ ಬೂಟು. ಒಂದು ಸಲ ದೊಡ್ಡ ಗಡಿಯಾರ. ಆದರೆ ಇಪ್ಪತ್ತು ವರ್ಷದಲ್ಲಿ ಒಂದು ಕಾಳು ಧಾನ್ಯ ತರಲಿಲ್ಲ. ಪೀರಸಾಬ್ ಇದನ್ನು ಗಮನಿಸದೆ ಬಿಡುವವನಲ್ಲ.

"ದೆಹರಾಡೂನಿನ್ಯಾಗ ಎರಡು ವರ್ಷ ಇದ್ದಿ. ಅಲ್ಲಿ ಅಕ್ಕಿ ಬೇಯಿಸಿದ್ರ ಮೂರು ಮನಿಗೆ ಘಮ್ ಅಂತೈತಂತ. ಒಂದ್ ಪಾವು ತರಾಕ ಕೈ ಬರಲಿಲ್ಲೇನಲೇ, ಜೀನ?"

"ಭತ್ತದ ಸಿರುಗುಪ್ಪದಾಗ ಕುಂತು ಅಕ್ಕಿ ಕೇಳ್ತಿಯಲ್ಲಣ್ಣ, ನಾಚಿಕಿ ಇಲ್ಲೇನು?"

ಲಾಲಬೀ ಒಲೆಯ ಮುಂದಿನಿಂದ, "ಸುಮ್ನಿರು ಪೀರ, ಅವನು ಕಾಳು ತರಬಾರದು" ಎನ್ನುತ್ತಿದ್ದಳು. ಯಾಕೆಂದು ಪೀರಸಾಬ್ ಕೇಳಲಿಲ್ಲ. ತಮ್ಮನಿಗೆ ಕೈ ಬಿಗಿ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡ.

ಅಷ್ಟು ಹೊತ್ತಿಗೆ ಬಳ್ಳಾರಿಯ ಗಾಳಿ ಬದಲಾಗಿತ್ತು. ಗುಡ್ಡಗಳಿಂದ ಅದಿರು ಇಳಿಯಿತು, ಜಿಲ್ಲೆಯ ಸೈಕಲ್ಲುಗಳೆಲ್ಲ ಮೋಟರ್ ಸೈಕಲ್ಲಾದವು, ಮೋಟರ್ ಸೈಕಲ್ಲುಗಳು ಜೀಪಾದವು. ನಿನ್ನೆಯವರೆಗೆ ಚಹಾಕ್ಕೆ ಇನ್ನೊಬ್ಬರ ಜೇಬು ನೋಡುತ್ತಿದ್ದವರು ಕೈಗೊಂದು ಮೊಬೈಲು ಹಿಡಿದು ಚೀನಾದ ದರ ಮಾತಾಡಿದರು. ಪೀರಸಾಬನೂ ಎರಡು ಲಾರಿ ಕೊಂಡು, ಬಳ್ಳಾರಿಯ ಗಾಂಧಿನಗರದಲ್ಲಿ ಮನೆ ಮಾಡಿದ. ಸಿರುಗುಪ್ಪದ ಗೋದಾಮಿನಲ್ಲಿ ತೌಡಿನ ಚೀಲಗಳು ಹಾಗೇ ಇದ್ದವು. ಆದರೆ ಯಾರಾದರೂ ಏನು ವ್ಯಾಪಾರ ಎಂದು ಕೇಳಿದರೆ "ಟ್ರಾನ್ಸ್‌ಪೋರ್ಟ್" ಎನ್ನುತ್ತಿದ್ದ. ತೌಡು ಅನ್ನುವ ಮಾತು ಬಾಯಿಂದ ಬಿದ್ದುಹೋಗಿತ್ತು.

ಕುರುಗೋಡಿನ ರಸ್ತೆಯಲ್ಲಿ ಕಬ್ಬಿಣದ ಕಾರ್ಖಾನೆ ಹಾಕಲು ಒಂದು ಕಂಪನಿ ಜಮೀನು ಹುಡುಕುತ್ತಾ ಬಂತು. ಅವರಿಗೆ ಬೇಕಾದ ಜಾಗದ ನಡುವೆಯೇ ಉಚ್ಚೆಂಗೆಪ್ಪನ ಹೊಲ. ಜಮೀನು ಕೂಡಿಸಿ ಕೊಟ್ಟವರಿಗೆ ಅದಿರು ಸಾಗಿಸುವ ಗುತ್ತಿಗೆ ಎಂದು ಕಂಪನಿಯವರು ಹೇಳಿದ್ದರು. ಪೀರಸಾಬ್ ಎದ್ದು ಓಡಾಡಿದ. ಎಲ್ಲ ಕೂಡಿತು. ಕೊನೆಗೆ ವಕೀಲರು ಪಹಣಿಯಲ್ಲಿ ಒಂದು ಹೆಸರು ತೋರಿಸಿದರು. ಹೊನ್ನೂರಮ್ಮ. ಅಪ್ಪನ ಕಾಲದ ಹೊಲದಲ್ಲಿ ಅವಳಿಗೂ ಪಾಲಿತ್ತು, ಅವಳ ಮಗ ಸಹಿ ಹಾಕಬೇಕು.

ಉಚ್ಚೆಂಗೆಪ್ಪನ ಮನೆಯ ಹಿರಿಯರು ತಲೆ ಅಲ್ಲಾಡಿಸಿದರು. "ಮಾರಿದ ಮಗನಿಗೆ ಪಾಲು ಎಲ್ಲಿಂದ ಬಂತು? ಮೊದಲು ಉಚ್ಚೆಂಗೆಪ್ಪ ಜೋಳ ಅಳೀಲಿ. ಹುಡುಗ ನಮ್ಮಾಂವ ಆಗ್ಲಿ. ಆಮ್ಯಾಲ ಸಹಿ." ಕೋರ್ಟಿಗೆ ಹೋದರೆ ಹತ್ತು ವರ್ಷ, ಜೋಳ ಅಳೆಯಲು ಅರ್ಧ ತಾಸು. ಪೀರಸಾಬ್ ಅರ್ಧ ತಾಸಿನ ದಾರಿ ಹಿಡಿದ.

ತಿಪ್ಪಣ್ಣ ಆಗ ಹಿಮದ ಗಡಿಯಲ್ಲಿ, ಸಾಲಿನಲ್ಲಿ ನಿಂತು ಮಾತಾಡಬೇಕಾದ ಒಂದೇ ಫೋನಿದ್ದ ಕಡೆ ಇದ್ದ. ಪೀರಸಾಬ್ ಮೂರು ಸಲ ಪ್ರಯತ್ನಿಸಿದ, ಹತ್ತಲಿಲ್ಲ. ನಾಲ್ಕನೆಯ ಸಲ ಹತ್ತಿಬಿಟ್ಟರೆ, ಹತ್ತಿ ಆತ ಬೇಡ ಎಂದುಬಿಟ್ಟರೆ ಏನು ಮಾಡುವುದೆಂದು ನಾಲ್ಕನೆಯ ಸಲ ಮಾಡಲಿಲ್ಲ. ನೇರ ಸಿರಿಗೇರಿಗೆ ಹೋಗಿ ತಾಯಿಯ ಮುಂದೆ ಕೂತ. ತಿಪ್ಪಣ್ಣನಿಗೆ ನೆಲ ಬರುತ್ತದೆ, ಪೆನ್ಷನ್ ಆಗಿ ಬಂದರೆ ಅವನದೇ ಅಂತ ಒಂದು ಮನೆಯಾಗುತ್ತದೆ, ಇಷ್ಟಕ್ಕೂ ಒಂದು ಮೊರ ಜೋಳ ತಾನೆ ಎಂದ.

ಲಾಲಬೀ ಕೈಯಲ್ಲಿದ್ದ ದಬ್ಬಣ ಗಾದಿಗೆ ಚುಚ್ಚಿಟ್ಟಳು.

"ಅವನಿಗೆ ಕೇಳಿಯೇನಪಾ?"

"ಕೇಳೀನಿ ಬಿಡಮ್ಮ. ಫೋನಿನ್ಯಾಗ ಮಾತಾಡೀನಿ."

"ಏನಂದ?"

"ಆತು ಅಂದ."

"ಒಂದ ಮಾತಿಗೆ ಆತು ಅಂದನೇನು?"

"ಮಿಲ್ಟ್ರ್ಯಾಗ ಇರಾಂವ, ಎರಡು ಮಾತು ಎಲ್ಲಿಂದ ಆಡ್ತಾನಮ್ಮ?"

ತನ್ನ ಮಾತಿಗೆ ತಾನೇ ನಕ್ಕ. ಲಾಲಬೀ ನಗಲಿಲ್ಲ.

ಯುಗಾದಿಯ ಮರುವಾರ ಉಚ್ಚೆಂಗೆಪ್ಪ ಬಂದು ಜೋಳ ಅಳೆದ. ಮೂವತ್ನಾಲ್ಕು ವರ್ಷ ತಡವಾದರೂ ಅವನ ಸುಗ್ಗಿ ಬಂದಿತ್ತು. ಲಾಲಬೀ ಅಟ್ಟದ ಮೇಲಿಂದ ಹಳೆಯ ಮೊರವನ್ನು ತಾನೇ ಇಳಿಸಿ, ಸೆರಗಿನಿಂದ ಒರೆಸಿ ಹಿಡಿದಳು. "ಬಿಟ್ಟೀನಿ" ಎಂದು ಮೂರು ಸಲ ಹೇಳಬೇಕು. ಎರಡು ಸಲ ಹೇಳಿದಳು. ಮೂರನೆಯದನ್ನು ಹೇಳಿದಳೆಂದು ಎಲ್ಲರೂ ಒಪ್ಪಿಕೊಂಡರು.

ಆ ಜೋಳವನ್ನು ಅವಳು ಬೀಸಲಿಲ್ಲ. ಗಡಿಗೆಯಲ್ಲಿ ಹಾಕಿ ಮೂಲೆಗಿಟ್ಟಳು. ಎರಡು ತಿಂಗಳು ಕಳೆಯಲಿಲ್ಲ, ಹಾಸಿಗೆ ಹಿಡಿದಳು. ಪೀರಸಾಬ್ ಬಳ್ಳಾರಿಯಿಂದ ಡಾಕ್ಟರನ್ನು ಕಾರಿನಲ್ಲಿ ಕರೆತಂದ. ಕೊನೆಯ ದಿನ ಅವಳು ಮಗನ ಕೈ ಹಿಡಿದು ಹೇಳಿದ್ದು ಇಷ್ಟು:

"ತಿಪ್ಪಣ್ಣ ಬಂದ್ರ ಬೈಬ್ಯಾಡಪಾ. ತನ್ನ ಮಂದಿ ತನಗ ಬೇಕಂತ ಅನಸ್ತು ಅವನಿಗೆ. ತಪ್ಪಿಲ್ಲ."

ಆಗಲಾದರೂ ಹೇಳಬಹುದಿತ್ತು. ನಾನು ಕೇಳಲೇ ಇಲ್ಲಮ್ಮ, ಅವನು ಆತು ಅನ್ನಲೇ ಇಲ್ಲ ಎಂಬ ಎರಡು ಮಾತು. ಸೌದೆಯ ತೂಕದಿಂದ ಹಿಡಿದು ಚೀನಾದ ದರದವರೆಗೆ ಎಲ್ಲದಕ್ಕೂ ಮಾತಿದ್ದ ಪೀರಸಾಬ್ ಆ ಹೊತ್ತಿನಲ್ಲಿ ಅವಳ ಹೊದಿಕೆ ಸರಿ ಮಾಡಿದ. ಲಾಲಬೀ, ತಿಪ್ಪಣ್ಣ ತನ್ನನ್ನು ಬಿಟ್ಟನೆಂದು ತಿಳಿದು ಸತ್ತಳು. ಅದಕ್ಕೆ ಅವನನ್ನು ಕ್ಷಮಿಸಿಯೂ ಸತ್ತಳು.

ಬಳ್ಳಾರಿಯ ನಿಲ್ದಾಣದಿಂದ ಸಿರಿಗೇರಿಯವರೆಗೆ ಕಾರಿನಲ್ಲಿ ಪೀರಸಾಬ್ ತಾಯಿಯ ಕಾಯಿಲೆಯ ಮಾತಾಡಿದ, ಜೋಳದ ಮಾತು ಎತ್ತಲಿಲ್ಲ. ಮನೆಯ ಮುಂದೆ ಮೂರನೆಯ ದಿನದ ಜಿಯಾರತ್ತಿನ ಪ್ರಾರ್ಥನೆಗೆ ಬಂದ ಜನ. ಅವರ ನಡುವೆ ಉಚ್ಚೆಂಗೆಪ್ಪ ಹೊಸ ರುಮಾಲು ಸುತ್ತಿಕೊಂಡು ಕೂತಿದ್ದ. ಪೀರಸಾಬ್ ಬಾಯಿ ತೆರೆಯುವ ಮುಂಚೆ ಅವನೇ ಎದ್ದು ಬಂದ.

"ಬಾರಪಾ ಅಳಿಯಾ. ದುಃಖ ಮಾಡ್ಬ್ಯಾಡ. ನಿಂಗ ನಾವಿದೀವಿ. ಜೋಳ ಅಳದು ಕೊಟ್ಟೀವಿ, ಆಕಿ ಕೈಲೇ ಮೊರ ಹಿಡದು ತಗೊಂಡಾಳ."

ತಿಪ್ಪಣ್ಣ ಪೀರಸಾಬನ ಮುಖ ನೋಡಿದ. ಒಳಗೆ ಹೋದ. ಮೂಲೆಯ ಗಡಿಗೆಯ ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಇಳಿಸಿದ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದ. ಆಮೇಲೆ ಕೈ ತೆಗೆದು, ಚರ್ಮಕ್ಕೆ ಅಂಟಿದ ಒಂದೊಂದೇ ಕಾಳನ್ನು ಗಡಿಗೆಗೆ ಉದುರಿಸಿದ. ಒಂದೂ ತನ್ನ ಬಳಿ ಉಳಿಯದಂತೆ ಬೆರಳ ಸಂದುಗಳನ್ನೂ ನೋಡಿಕೊಂಡ.

ಸಂಜೆ ಖಬರಸ್ತಾನದ ಬೇವಿನ ಮರದ ಕೆಳಗೆ ಇಬ್ಬರೇ ಕೂತಾಗ ತಿಪ್ಪಣ್ಣ ಬಾಯಿ ಬಿಟ್ಟ.

"ಇಪ್ಪತ್ತು ವರ್ಷ ಒಂದ್ ಕಾಳು ತರಲಿಲ್ಲಲ್ಲಣ್ಣ ನಾನು. ನೀ ಜೀನ ಅಂದಿ. ನನ್ನ ಕೈಲೆ ಕಾಳು ಬಂದು ಆಕಿ ಮೊರಕ್ಕ ಬಿದ್ರ ನಾ ಆಕಿ ಮಗ ಅಲ್ದಂಗ ಆಗ್ತಿದ್ದೆ. ಅದಕ್ಕ ತರಲಿಲ್ಲ."

ಪೀರಸಾಬ್ ಕೆಳಗೆ ಬಿದ್ದ ಬೇವಿನ ಕಾಯಿಗಳನ್ನು ಒಂದೊಂದಾಗಿ ಆರಿಸತೊಡಗಿದ.

"ಅಮ್ಮ ನನ್ನ ಒಂದ್ ಮಾತು ಕೇಳಲಿಲ್ಲೇನು?"

"ನಿನ್ನ ಒಳ್ಳೇದಕ್ಕಂತ ತಗೊಂಡ್ಲು" ಎಂದ ಪೀರಸಾಬ್. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ತಿಪ್ಪಣ್ಣ ಹೇಳಿದ:

"ಮತ್ತ ಕೊಂಡ್ಕೊ ನನ್ನ. ಅಮ್ಮ ಇಲ್ಲ, ಆಕಿ ಹೊಟ್ಟಿಲೆ ಹುಟ್ಟಿದಾಂವ ನೀ ಅದಿ. ಆಕಿ ಹೆಸರಿಲೆ ಒಂದ್ ಮೊರ ತೌಡು ಕೊಟ್ಟು ಮಾಮನ ಕಡಿಂದ ಕೊಂಡ್ಕೊ. ನಿನ್ನ ಗೋದಾಮಿನ್ಯಾಗ ಗುಡ್ಡದಂಗ ಬಿದ್ದೈತಿ."

ಇಪ್ಪತ್ತು ವರ್ಷದಲ್ಲಿ ಅವನು ಅಣ್ಣನನ್ನು ಕೇಳಿದ್ದು ಅದೊಂದೇ. ಗೋದಾಮಿನಲ್ಲಿ ಆ ದಿನ ನಾಲ್ಕು ನೂರು ಚೀಲ ತೌಡಿತ್ತು. ಆದರೆ ಸೋಮವಾರ ರಿಜಿಸ್ಟ್ರಾರ್ ಕಚೇರಿ. ಅದಕ್ಕೆ ಮುಂಚೆ ಕೊಂಡರೆ ಕುರುಗೋಡಿನ ಹಿರಿಯರು ಮತ್ತೆ ತಲೆ ಅಲ್ಲಾಡಿಸುತ್ತಾರೆ, ಗುತ್ತಿಗೆ ಹೋಗುತ್ತದೆ.

"ಸಹಿ ಆಗ್ಲಿ ತಡಿಯಲೇ. ಮುಂದಿನ ರಜಾಕ್ಕ ಬಂದಾಗ ಒಂದ್ ಮೊರ ಯಾಕ, ಲಾರಿಗಟ್ಟಲೆ ತೌಡು ಸುರೀತೀನಿ ನಿನ್ನ ಮಾಮನ ಬಾಗಲಾಗ."

"ಒಂದ್ ಮೊರ ಸಾಕಣ್ಣ" ಎಂದ ತಿಪ್ಪಣ್ಣ. "ಮಾಮಾನೂ ಹಿಂಗ ಅಂದಿದ್ದ. ಸುಗ್ಗಿ ಆಗ್ಲಿ ಅಂತ" ಎಂದು ಎದ್ದು ಪ್ಯಾಂಟಿನ ಧೂಳು ಕೊಡವಿದ.

ಸೋಮವಾರ ಬಳ್ಳಾರಿಯಲ್ಲಿ ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ತನ್ನ ಪಾಲಿನ ಚೆಕ್ಕನ್ನು ನಾಲ್ಕು ಮಡಿಕೆ ಮಾಡಿ ಉಚ್ಚೆಂಗೆಪ್ಪನ ಜೇಬಿಗೆ ತುರುಕಿ, "ನಿಮ್ಮ ಜೋಳಕ್ಕ" ಎಂದ. ಮಾರನೆಯ ದಿನ ರೈಲು ಹತ್ತಿದ. ಅಣ್ಣನ ಕಾಲು ಮುಟ್ಟಿ ಹೋಗುವುದು ರೂಢಿ. ಆ ದಿನ ಬಗ್ಗಲಿಲ್ಲ, ಮಿಲ್ಟ್ರಿಯವರ ಹಾಗೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಪೀರಸಾಬ್ ಅದನ್ನು ತಮಾಷೆ ಎಂದುಕೊಳ್ಳಲು ನೋಡಿದ.

ಜನವರಿಯಲ್ಲಿ ಸುದ್ದಿ ಬಂತು. ಎತ್ತರದ ಕಾವಲು ಠಾಣೆಯಲ್ಲಿ ಉಸಿರು ಕಟ್ಟಿ ಬಿದ್ದ ತಿಪ್ಪಣ್ಣನನ್ನು ಕೆಳಗೆ ಇಳಿಸುವಷ್ಟರಲ್ಲಿ ಮುಗಿದಿತ್ತು. ಬಳ್ಳಾರಿಗೆ ಬಂದದ್ದು ಬಾವುಟ ಹೊದ್ದ ಪೆಟ್ಟಿಗೆ. ಜೊತೆಗೆ ಬಂದ ಅಧಿಕಾರಿ ಇನ್ನೂ ಮೀಸೆ ಬಲಿಯದ ಹುಡುಗ. ಕಾಗದ ತೆಗೆದು ಮೆಲ್ಲಗೆ ಓದಿದ.

"ತಾಯಿ, ಲಾಲಬೀ. ತೀರಿಕೊಂಡಿದ್ದಾರೆ. ಬಾವುಟ ಯಾರಿಗೆ ಕೊಡಬೇಕು? ನೀವು ಇವರಿಗೆ ಏನಾಗಬೇಕು?" ಎಂದು ಮುಂದೆ ನಿಂತಿದ್ದ ಪೀರಸಾಬನನ್ನೇ ಕೇಳಿದ.

ಅಣ್ಣ ಎನ್ನಲು ಪೀರಸಾಬ್ ಬಾಯಿ ತೆರೆದ. ಅಷ್ಟರಲ್ಲಿ ಉಚ್ಚೆಂಗೆಪ್ಪ ಮುಂದೆ ಬಂದ.

"ಅವರು ಸಾಕಿದ ಮನಿಯವರು ಸಾಹೇಬ್ರ. ನಾವು ಜೋಳ ಕೊಟ್ಟು ಬಿಡಿಸ್ಕೊಂಡೀವಿ. ಅವರನ್ನ ಕೇಳ್ರಿ ಬೇಕಾದ್ರ, ಅವರ ನಿಂತು ಮಾಡಿಸಿದ್ದು."

ಅಧಿಕಾರಿ ಪೀರಸಾಬನನ್ನು ನೋಡಿದ. ಹಿಂದೊಮ್ಮೆ ಇದೇ ಊರಿನ ಮೈದಾನದಲ್ಲಿ ಒಬ್ಬ ಗುಮಾಸ್ತ ಹೀಗೇ ಪೆನ್ನು ಎತ್ತಿ ಅವನ ಮುಖ ನೋಡಿದ್ದ. ಈ ಸಲವೂ ಪೀರಸಾಬ್ ಹೌದೆಂದು ತಲೆಯಾಡಿಸಿದ.

ಬಾವುಟ ಉಚ್ಚೆಂಗೆಪ್ಪನಿಗೆ ಹೋಯಿತು. ಪೆಟ್ಟಿಗೆ ಕುರುಗೋಡಿಗೆ ಹೋಯಿತು. ರಸ್ತೆಯುದ್ದಕ್ಕೂ ಅದಿರಿನ ಲಾರಿಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಅವುಗಳಲ್ಲಿ ಎರಡು ಪೀರಸಾಬನವು. ಗುಂಡು ಹಾರಿಸಿದ ಮೇಲೆ ಬಂಧುಗಳು ಮಣ್ಣು ಹಾಕಿದರು. ಊರವರ ಸಾಲಿನಲ್ಲಿ ನಿಂತಿದ್ದ ಪೀರಸಾಬನ ಸರದಿ ಬರುವ ಹೊತ್ತಿಗೆ ಗುಂಡಿ ತುಂಬಿತ್ತು. ಕೈಯಲ್ಲಿದ್ದ ಹಿಡಿ ಮಣ್ಣನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಕಾರಿನವರೆಗೆ ಹಿಡಿದುಕೊಂಡೇ ಬಂದ.

ಐದಾರು ವರ್ಷಕ್ಕೆ ಗಣಿ ನಿಂತಿತು. ಲಾರಿಗಳು ತುಕ್ಕು ಹಿಡಿದವು, ಗಾಂಧಿನಗರದ ಮನೆ ಬೇರೆಯವರದಾಯಿತು. ಪೀರಸಾಬ್ ಸಿರುಗುಪ್ಪದ ಹಳೆಯ ಗೋದಾಮಿಗೆ ಮರಳಿ, ಏನು ವ್ಯಾಪಾರ ಎಂದು ಕೇಳಿದವರಿಗೆ ತೌಡು ಎಂದೇ ಹೇಳುತ್ತಾನೆ. ಲಾಲಬೀಯ ಮೊರ ಗೋದಾಮಿನ ಗೋಡೆಗೆ ತೂಗುಬಿದ್ದಿದೆ. ಉಚ್ಚೆಂಗೆಪ್ಪನೂ ಈಗಿಲ್ಲ. ಅವನ ಬಾಗಿಲಿಗೆ ಹೋಗಿ ಸುರಿದರೆ ತೆಗೆದುಕೊಳ್ಳುವವರಿಗೆ ಇದೇನೆಂದು ಅರ್ಥವಾಗುವುದಿಲ್ಲ. ದಿನಕ್ಕೆ ಎರಡು ಲಾರಿ ಮಾಲು ಆ ಗೋದಾಮಿನಿಂದ ಹೊರಗೆ ಹೋಗುತ್ತದೆ.

ಪೀರಸಾಬ್ ತಿಪ್ಪಣ್ಣನಿಗೆ ಒಂದು ಮೊರ ತೌಡು ಬಾಕಿ ಇದ್ದಾನೆ.